ದುರ್ಬೀನು ಕಣ್ಣಿಗೆ ಒಗ್ಗಬೇಕಾದರೆ

ದುರ್ಬೀನು ಹಿಡಿದ ಐದೇ ನಿಮಿಷಕ್ಕೆ ಕಣ್ಣು ಎಳೆದಂತಾಗುತ್ತದೆ, ಕುತ್ತಿಗೆ ಸೋಲುತ್ತದೆ. ಹೀಗೆ ಹೇಳುವವರ ದುರ್ಬೀನನ್ನು ತೆಗೆದುಕೊಂಡು ನೋಡಿದರೆ ಎಷ್ಟೋ ಸಲ ಅದು ಚೆನ್ನಾಗಿಯೇ ಇರುತ್ತದೆ. ತಮ್ಮ ಕಣ್ಣಿಗೆ ಅದನ್ನು ಹೊಂದಿಸಿಕೊಂಡಿರುವುದಿಲ್ಲ, ಅಷ್ಟೇ. ಹತ್ತು ನಿಮಿಷ ಕೂತರೆ ಮುಗಿಯುವ ಕೆಲಸ ಇದು.

ಮೊದಲು ನಡುವಿನ ಕೀಲು. ದೊಡ್ಡವರಲ್ಲಿ ಎರಡು ಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರ ಇರುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು ಥರ. ದುರ್ಬೀನನ್ನು ಪೂರ್ತಿ ಅಗಲಿಸಿ ಕಣ್ಣಿಗಿಟ್ಟು, ನಿಧಾನವಾಗಿ ಮಡಚುತ್ತಾ ಬನ್ನಿ. ಎರಡು ವೃತ್ತ ಸೇರಿ ಒಂದೇ ದುಂಡನೆಯ ನೋಟವಾದಾಗ ನಿಲ್ಲಿಸಿ. ಸಿನಿಮಾದಲ್ಲಿ ತೋರಿಸುವ ಹಾಗೆ ಎರಡು ವೃತ್ತ ಅಂಟಿಕೊಂಡಂತೆ ಕಂಡರೆ ಇನ್ನೂ ಸರಿಯಾಗಿಲ್ಲ.

ಆಮೇಲೆ ಐಕಪ್, ಅಂದರೆ ಕಣ್ಣಿಡುವ ಗಾಜಿನ ಸುತ್ತಲಿನ ಅಂಚು. ಕನ್ನಡಕ ಇಲ್ಲದವರು ಇದನ್ನು ತಿರುಗಿಸಿ ಎತ್ತರಿಸಿಕೊಳ್ಳಬೇಕು, ಇರುವವರು ಪೂರ್ತಿ ಇಳಿಸಬೇಕು. ನೋಡುವಾಗ ಕಪ್ಪು ನೆರಳು ಬಂದು ಹೋಗುತ್ತಿದ್ದರೆ ಕಣ್ಣು ಗಾಜಿಗೆ ಜಾಸ್ತಿ ಹತ್ತಿರವಾಗಿದೆ ಅಂತ. ಕೊಳವೆಯಲ್ಲಿ ಇಣುಕಿದಂತಿದ್ದರೆ ದೂರವಾಗಿದೆ ಅಂತ.

ಹೆಚ್ಚಿನವರು ಬಿಟ್ಟುಬಿಡುವುದು ಡಯಾಪ್ಟರ್ ಉಂಗುರವನ್ನು. ಕಣ್ಣು ದಣಿಯುವುದಕ್ಕೆ ದೊಡ್ಡ ಕಾರಣವೂ ಇದೇ. ನಮ್ಮ ಎರಡು ಕಣ್ಣುಗಳ ಪವರ್ ಒಂದೇ ಇರುವುದು ಅಪರೂಪ. ಆ ವ್ಯತ್ಯಾಸ ತುಂಬಲೆಂದೇ ಬಹುತೇಕ ದುರ್ಬೀನುಗಳಲ್ಲಿ ಬಲಗಣ್ಣಿನ ಕಡೆ ಈ ಉಂಗುರ ಇಟ್ಟಿರುತ್ತಾರೆ. ದೂರದ ಬೋರ್ಡಿನ ಅಕ್ಷರವನ್ನೋ ಮರದ ತೊಗಟೆಯನ್ನೋ ಗುರಿಯಾಗಿಟ್ಟುಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಫೋಕಸ್ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ. ಚಕ್ರ ಮುಟ್ಟಬೇಡಿ, ಉಂಗುರವನ್ನಷ್ಟೇ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿ. ಇಷ್ಟೂ ಹೊತ್ತು ಎರಡು ಕಣ್ಣೂ ತೆರೆದೇ ಇರಲಿ. ಒಂದನ್ನು ಮುಚ್ಚಿದರೆ ಇನ್ನೊಂದೂ ಕಿರಿದಾಗಿ ಲೆಕ್ಕ ತಪ್ಪುತ್ತದೆ. ನನ್ನ ಉಂಗುರ ಸೊನ್ನೆಯಿಂದ ಒಂದು ಗೀಟು ಪ್ಲಸ್ ಕಡೆಗೆ ನಿಲ್ಲುತ್ತದೆ. ಅಲ್ಲೊಂದು ಬಿಳಿ ಚುಕ್ಕಿ ಇಟ್ಟಿದ್ದೇನೆ, ಬೇರೆಯವರು ನೋಡಿ ಕೊಟ್ಟ ಮೇಲೆ ಮತ್ತೆ ಹುಡುಕುವ ಕಷ್ಟವಿಲ್ಲ.

ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು. ದುರ್ಬೀನಿನ ಮೈಮೇಲೆ ಬರೆದಿರುವ 8×42 ಅಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ ಐದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ ಅಲ್ವಾ? ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಅದು. ಹಗಲಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಹಾಗಾಗಿ ಕಣ್ಣು ಅತ್ತಿತ್ತ ಸರಿದರೂ ನೋಟ ತಪ್ಪುವುದಿಲ್ಲ. ಜೇಬಿಗೆ ಹಿಡಿಸುವ 8×25ರಲ್ಲಿ ಈ ಸಡಿಲ ಇಲ್ಲ. ಹತ್ತು ಪಟ್ಟು ಹಿಗ್ಗಿಸುವುದರಲ್ಲಿ ಕೈ ನಡುಕವೂ ಹೆಚ್ಚು ಕಾಣುತ್ತದೆ. ಹೆಚ್ಚು ಹೊತ್ತು ನೋಡುವವರಿಗೆ ಎಂಟೇ ಹಿತ ಅನ್ನುವುದು ನನ್ನ ಅಭಿಪ್ರಾಯ. ಕನ್ನಡಕದವರು ಐ ರಿಲೀಫ್, ಅಂದರೆ ಪೂರ್ತಿ ನೋಟ ಕಾಣುವಂತೆ ಗಾಜಿನಿಂದ ಕಣ್ಣು ಇರಬಹುದಾದ ದೂರ, 16 ಮಿಲಿಮೀಟರ್ ಆದರೂ ಇದೆಯೇ ನೋಡಿಕೊಳ್ಳಿ.

ಕುತ್ತಿಗೆಯ ಪಟ್ಟಿ ಅಗಲವಾಗಿರಲಿ, ಉದ್ದ ಕಡಿಮೆ ಮಾಡಿ. ದುರ್ಬೀನು ಎದೆಯ ಮೇಲೆ ಕೂರಬೇಕು, ಹೊಟ್ಟೆಗೆ ಬಡಿಯಬಾರದು. ಭಾರ ಅನ್ನಿಸಿದರೆ ಎರಡೂ ಹೆಗಲಿಗೆ ಹಂಚುವ ಹಾರ್ನೆಸ್ ಸಿಗುತ್ತದೆ. ನೋಡುವಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಗೋಡೆಯೋ ಮರವೋ ಇದ್ದರೆ ಒರಗಿಕೊಳ್ಳಿ. ನಕ್ಷತ್ರ ನೋಡಲು ಆರಾಮಕುರ್ಚಿಯಷ್ಟು ಒಳ್ಳೆಯದು ಬೇರೆ ಇಲ್ಲ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಸ್ತು ಎರಡಾಗಿ ಕಂಡರೆ, ಕೆಳಗಿಟ್ಟ ಕೂಡಲೇ ತಲೆ ಹಗುರಾದರೆ, ಒಳಗಿನ ಗಾಜು ಅಲುಗಿ ಎರಡು ಕೊಳವೆಗಳ ನೋಟ ಓರೆಯಾಗಿರಬಹುದು. ಒಮ್ಮೆ ಕೈಜಾರಿ ಬಿದ್ದರೂ ಹೀಗಾಗುತ್ತದೆ. ಆ ಎರಡು ಚಿತ್ರಗಳನ್ನು ಒಂದು ಮಾಡಲು ಕಣ್ಣೇ ಹೆಣಗಬೇಕಾಗುತ್ತದೆ. ಅಂಥದ್ದನ್ನು ರಿಪೇರಿ ಆಗುವ ತನಕ ಪಕ್ಕಕ್ಕಿಡಿ.