ಅಕ್ಕೋರಿಗೂ ಒಂದು ಮೆಟ್ಟುಗತ್ತಿ

ಹಾವೇರಿ ಕಡೆಯಿಂದ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ವರ್ಗವಾದಾಗ ನನಗೆ ಸಿಕ್ಕ ಸಲಹೆಗಳ ಸಾರ ಇಷ್ಟೇ: ಊರಿನವರಿಗೆ ಉಪಕಾರ ಮಾಡುತ್ತಿರು, ತಾವಾಗಿ ಹಚ್ಚಿಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಉಪಕಾರ ಮಾಡುವ ಅಕ್ಕೋರಿಗೆ, ಅಂದರೆ ಶಿಕ್ಷಕಿಗೆ, ಕುರ್ಚಿ, ಕಷಾಯ, ನಮಸ್ಕಾರ ಎಲ್ಲವೂ ಸಿಗುತ್ತವೆ, ಒಡನಾಟ ಮಾತ್ರ ಸಿಗುವುದಿಲ್ಲ. ಅದು ಬೇಕಾದರೆ ಅವರಲ್ಲಿ ಏನಾದರೂ ಕೇಳಬೇಕು, ಋಣ ಹೊರಬೇಕು.

ಆದರೆ ಕೇಳುವುದಾದರೂ ಯಾರನ್ನು? ನಮ್ಮ ಕಡೆ ಸಂಜೆ ಕಟ್ಟೆಯ ಮೇಲೆ ಕುಳಿತರೆ ಓಣಿಯ ಮಂದಿಯೆಲ್ಲ ಕಣ್ಣಮುಂದೆ ಹಾದುಹೋಗುತ್ತಾರೆ. ಇಲ್ಲಿ ತೋಟದ ತಲೆಗೆ ಒಂದು ಮನೆ, ಗುಡ್ಡದ ಬುಡಕ್ಕೆ ಇನ್ನೊಂದು. ಮಳೆಗಾಲದಲ್ಲಂತೂ ಪಕ್ಕದ ಮನೆಗೆ ಹೋಗುವುದೆಂದರೆ ಛತ್ರಿ, ಟಾರ್ಚು, ಉಂಬಳಗಳ (ಜಿಗಣೆಗಳ) ವ್ಯವಹಾರ. ಸುಮ್ಮನೆ ಯಾರೂ ಯಾರ ಮನೆಗೂ ಹೋಗುವುದಿಲ್ಲ, ನೆಪ ಬೇಕು.

ನನಗೆ ನೆಪ ಸಿಕ್ಕಿದ್ದು ಅಡಿಕೆ ಕೊಯ್ಲಿನಲ್ಲಿ. ಕೆಂಪಡಿಕೆ ಮಾಡುವವರು ಕಾಯಿ ಹಸಿರಿರುವಾಗಲೇ ಕೊನೆ (ಗೊಂಚಲು) ಇಳಿಸುತ್ತಾರೆ. ಇಳಿಸಿದ್ದನ್ನು ತಡಮಾಡದೆ ಸುಲಿದು ಬೇಯಿಸಬೇಕಾದ್ದರಿಂದ ಕೆಲಸ ರಾತ್ರಿಯೂ ನಡೆಯುತ್ತದೆ. ಸುಲಿಯುವ ಯಂತ್ರ ಬಂದಿದೆ, ಆದರೂ ಎಷ್ಟೋ ಮನೆಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ಕೈಯಲ್ಲೇ ಸುಲಿಯುತ್ತಾರೆ. ಮೇಲಿನಮನೆಯ ಅಜ್ಜಿಯ ಹತ್ತಿರ ಹೋಗಿ, “ನನಗೂ ಒಂದು ಮೆಟ್ಟುಗತ್ತಿ ಕೊಡಿ, ಕಲಿಯುತ್ತೇನೆ” ಎಂದೆ. “ಅಕ್ಕೋರೇ, ಕೈ ಕಪ್ಪಾಗುತ್ತದೆ, ನಾಳೆ ಶಾಲೆಗೆ ಹೋಗಬೇಕಲ್ಲ” ಎಂದು ಅವರು ನಕ್ಕರು. ಕತ್ತಿಯನ್ನೇನೋ ಕೊಟ್ಟರು.

ಮಣೆಗೆ ನೆಟ್ಟ ಅಲಗು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಾಯಿಯನ್ನು ಅಲಗಿಗೆ ಕೊಟ್ಟು ಸಿಪ್ಪೆಯನ್ನು ಎಬ್ಬಿಸಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ನುರಿತವರು ಅಲಗಿನ ಕಡೆ ನೋಡುವುದೇ ಇಲ್ಲ. ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ, ಬಾಯಿ ಅದಕ್ಕಿಂತ ಜೋರಾಗಿ. ಯಾರ ಮನೆಯ ಆಕಳು ಕರು ಹಾಕಿತು, ಯಾವ ಊರಲ್ಲಿ ಯಕ್ಷಗಾನವಿದೆ, ಬೆಂಗಳೂರಿನ ಮಗ ಹಬ್ಬಕ್ಕೆ ಯಾಕೆ ಬರಲಿಲ್ಲ, ಎಲ್ಲವೂ ಅಲ್ಲಿ ಇತ್ಯರ್ಥ. ಕೂಲಿ ಡಬ್ಬದ ಲೆಕ್ಕದಲ್ಲಿ. ನಾನು ಸಂಬಳದವಳು, ಇನ್ನೊಬ್ಬರ ದುಡಿಮೆಗೆ ಅಡ್ಡ ಬರುವುದು ಸರಿಯಲ್ಲ. ಸುಲಿದ ಅಷ್ಟಿಷ್ಟನ್ನು ಪಕ್ಕದಲ್ಲಿ ಕುಳಿತವಳ ಡಬ್ಬಕ್ಕೇ ಸುರಿಯುತ್ತಿದ್ದೆ. ಅವಳು ಕೆಳಗಿನ ಕೇರಿಯವಳು, ಅವಳ ಮಗಳು ನನ್ನ ತರಗತಿಯಲ್ಲಿದ್ದಳು. ಮರುದಿನ ಹಲಗೆಯ ಮುಂದೆ ನನ್ನ ಕಪ್ಪು ಬೆರಳು ಕಂಡು ಮಕ್ಕಳು ಗುಸುಗುಸು ನಕ್ಕರು. ಆ ವಾರದೊಳಗೆ ಇಡೀ ಊರಿಗೆ ಸುದ್ದಿ ಮುಟ್ಟಿತ್ತು.

ಊರೆಂದರೆ ಬರೀ ಬೆಲ್ಲ ಎಂದು ಯಾರೂ ತಿಳಿಯಬೇಕಿಲ್ಲ. ಯಾರು ಜಗಲಿಯ ಮೇಲೆ, ಯಾರು ಅಂಗಳದಲ್ಲಿ ಎಂಬ ಲೆಕ್ಕ ಇನ್ನೂ ಇದೆ. ಒಂಟಿ ಹೆಂಗಸಿನ ಮನೆಗೆ ಯಾವ ಬೈಕು ಬಂತು ಎಂಬುದೂ ಎಲ್ಲರಿಗೂ ಬೇಕು. ನಾನು ಜಗಲಿ, ಅಂಗಳ ಎರಡೂ ಕಡೆ ಕುಳಿತೆ. ಕೆಲವರಿಗೆ ಅದು ಹಿಡಿಸಲಿಲ್ಲ, ಇಂದಿಗೂ ಹಿಡಿಸಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ನಮ್ಮ ಕಡೆಯ ನೆಂಟರೆಲ್ಲ ನನ್ನ ಎರಡು ಕೋಣೆಯ ಮನೆಗೆ ಇಳಿದರು. ಚಾಪೆ, ಹೊದಿಕೆ, ದೊಡ್ಡ ಪಾತ್ರೆ ಎಲ್ಲವೂ ಬೇರೆಯವರ ಮನೆಯವು. ಪಾತ್ರೆಗಳು ಶೇಂಗಾ ಹೋಳಿಗೆ ತುಂಬಿಕೊಂಡು ಹಿಂದಿರುಗಿದವು.

ಅವ್ವನಿಗೆ ರಾತ್ರಿ ಎದೆನೋವು ಬಂದಾಗ ಈ ಕೇಳುವ ರೂಢಿ ಕೈಹಿಡಿಯಿತು. ಉತ್ತರ ಕನ್ನಡದವರಿಗೆ ಗಂಭೀರ ಕಾಯಿಲೆಯೆಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಜಾಲತಾಣಗಳಲ್ಲಿ ಎದ್ದಿತು, 2022ರಲ್ಲಿ ಮತ್ತಷ್ಟು ಜೋರಾಯಿತು. ನಮಗೆ ಅಂದು ಬೇಕಾಗಿದ್ದುದು ಒಂದು ಕಾರು. ಕರೆಂಟು ಹೋಗಿ ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಟಾರ್ಚು ಹಿಡಿದು ಮೇಲಿನಮನೆಗೆ ಓಡಿದೆ. ಅಜ್ಜಿಯ ಮಗ ಕಾರು ತೆಗೆದರು, ಕೆಳಗಿನ ಕೇರಿಯ ಗೆಳತಿ ಹುಬ್ಬಳ್ಳಿಯವರೆಗೆ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವ್ವ ಉಳಿದಳು.

ವಾಪಸು ಬಂದ ಮೇಲೆ ಒಂದು ಪುಸ್ತಕ ಮಾಡಿದೆ. ರಾತ್ರಿ ಕರೆದರೆ ಬರುವ ಚಾಲಕರು ಯಾರು, ಯಾರ ರಕ್ತದ ಗುಂಪು ಯಾವುದು, ಸ್ಥಿರ ದೂರವಾಣಿ ಇನ್ನೂ ಯಾರ ಮನೆಯಲ್ಲಿದೆ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿಯಬಲ್ಲವರು ಯಾರು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಹಣ ಕೊಡುವವರು ಸಿಗುತ್ತಾರೆ, ವಾರ್ಡಿನ ನೆಲದ ಮೇಲೆ ಮಲಗುವವರು ಅಪರೂಪ. ಕೂಡಿ ಮಾಡುವುದು ಈ ಸೀಮೆಗೆ ಹೊಸತಲ್ಲ. ಅಡಿಕೆ ಬೆಳೆಗಾರರು 1923ರಲ್ಲೇ ಶಿರಸಿಯಲ್ಲಿ ತಮ್ಮದೇ ಮಾರಾಟ ಸಂಘ ಕಟ್ಟಿಕೊಂಡವರು. ಆದರೂ ಮನೆಮನೆಗೆ ಹೋದಾಗ ಒಬ್ಬರು, “ಹೆಸರು ಬರೆಸಿದರೆ ಯಾವಾಗಲೂ ನನ್ನನ್ನೇ ಕರೆಯುತ್ತೀರಿ” ಎಂದು ಗೊಣಗಿದರು. ಅದೂ ನ್ಯಾಯವೇ. ಹಾಗಾಗಿ ಪಾಳಿ ಹಾಕಿದೆವು. ಸುಗ್ಗಿಯಲ್ಲಿ ತೋಟದವರಿಗೆ ಬಿಡುವು, ಪರೀಕ್ಷೆಯ ತಿಂಗಳಲ್ಲಿ ನಮಗೆ. ಪುಸ್ತಕದ ಒಂದು ಪ್ರತಿ ನನ್ನಲ್ಲಿದೆ, ಇನ್ನೊಂದು ಸೊಸೈಟಿಯ ಪಡಿತರ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದೆ. ಪ್ರತಿ ಮಳೆಗಾಲದ ಮೊದಲು ಅದನ್ನು ತಿದ್ದುವುದು ನನ್ನ ಪಾಲಿನ ಕೆಲಸ. ಈ ಸಲ ಅಂಚೆ ಕಚೇರಿಗೆ ಹೊಸದಾಗಿ ಬಂದ ಹುಡುಗಿ, ಓ ನೆಗೆಟಿವ್ ಎಂದು ಬರೆಸಿ, ಬಾಡಿಗೆಗೆ ಕೋಣೆ ಎಲ್ಲಾದರೂ ಇದೆಯೇ ಎಂದು ಕೇಳಿದ್ದಾಳೆ. ವಿಚಾರಿಸುತ್ತಿದ್ದೇನೆ.