ಸಬ್‌ಸ್ಟೇಷನ್ ಪಕ್ಕ ಡ್ರೋನ್: ಎಬ್ಬಿಸುವ ಮುನ್ನ

2017ರ ಸೆಪ್ಟೆಂಬರ್ 21ರ ಸಂಜೆ ನ್ಯೂಯಾರ್ಕ್‌ನಲ್ಲಿ ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗೆ ಒಂದು ಡ್ರೋನ್ ಬಡಿಯಿತು. ಹಾರಿಸುತ್ತಿದ್ದವರು ಸುಮಾರು 4 ಕಿ.ಮೀ. ಆಚೆ ನಿಂತಿದ್ದರು. ಡ್ರೋನ್ ಮರಳಿ ಬರಲಿಲ್ಲ, ಎಲ್ಲೋ ಕೆಟ್ಟು ನೀರಿಗೆ ಬಿದ್ದಿರಬೇಕು ಎಂದುಕೊಂಡು ಸುಮ್ಮನಾದರು. ಹೆಲಿಕಾಪ್ಟರ್‌ನಲ್ಲಿ ಸಿಕ್ಕಿದ ಮೋಟರ್ ತುಂಡಿನ ಜಾಡು ಹಿಡಿದು ತನಿಖಾಧಿಕಾರಿಗಳು ಸಂಪರ್ಕಿಸಿದಾಗಲೇ ಅವರಿಗೆ ಡಿಕ್ಕಿಯ ವಿಷಯ ತಿಳಿದದ್ದು. ಆ ಸಂಜೆ ಅಲ್ಲಿ ತಾತ್ಕಾಲಿಕ ಹಾರಾಟ ನಿರ್ಬಂಧ ಜಾರಿಯಲ್ಲಿತ್ತು. ನಿರ್ಬಂಧವಿದ್ದರೆ ಆ್ಯಪ್ ಹೇಳುತ್ತದೆ ಎಂದು ನಂಬಿದ್ದರು. ಕೈಯಲ್ಲಿದ್ದ ಟ್ಯಾಬ್ಲೆಟ್‌ಗೆ ಮೊಬೈಲ್ ಸಂಪರ್ಕವೇ ಇರಲಿಲ್ಲ.

ಅಣೆಕಟ್ಟು, ವಿದ್ಯುತ್ ಉಪಕೇಂದ್ರ, ತೈಲ ಸಂಸ್ಕರಣಾಗಾರ, ವಿಮಾನ ನಿಲ್ದಾಣದ ಬೇಲಿ ಹೀಗೆ ಯಾವುದರ ಹತ್ತಿರ ಡ್ರೋನ್ ಹಾರಿಸುವುದಿದ್ದರೂ ಕೆಲಸ ಶುರುವಾಗುವುದು ಬ್ಯಾಟರಿ ಹಾಕುವುದಕ್ಕಿಂತ ಬಹಳ ಮೊದಲು.

ಮೊದಲು ನಕ್ಷೆ, ಅದೂ ಹೊರಡುವ ದಿನವೇ

ಡ್ರೋನ್ ಕಂಪನಿಯ ಆ್ಯಪ್‌ನಲ್ಲಿರುವ ನಕ್ಷೆ ಬೇರೆ, ಸರ್ಕಾರದ ನಕ್ಷೆ ಬೇರೆ. ಡಿಜೆಐ ಕಂಪನಿ 2025ರ ಜನವರಿಯಲ್ಲಿ ಅಮೆರಿಕದಲ್ಲಿ ನಿಷೇಧಿತ ವಲಯದೊಳಗೆ ಡ್ರೋನ್ ಏಳದಂತೆ ತಡೆಯುವ ವ್ಯವಸ್ಥೆಯನ್ನೇ ತೆಗೆದು, ಬರೀ ಎಚ್ಚರಿಕೆ ತೋರಿಸುವಂತೆ ಮಾಡಿತು. ಮೋಟರ್ ತಿರುಗಿತು ಎಂದರೆ ಅನುಮತಿ ಸಿಕ್ಕಿತು ಎಂದಲ್ಲ.

ಭಾರತದ 2021ರ ನಿಯಮಗಳಲ್ಲಿ ಆಕಾಶಕ್ಕೆ ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣ. ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಹಳದಿಗೆ ವಾಯು ಸಂಚಾರ ನಿಯಂತ್ರಣದವರದ್ದು. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಬಹುದು. ಆದರೆ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಹಸಿರು 200 ಅಡಿಗೇ ಮುಗಿಯುತ್ತದೆ. ಇದನ್ನು ಮರೆಯುವವರೇ ಹೆಚ್ಚು. ತಾತ್ಕಾಲಿಕ ಕೆಂಪು ವಲಯಗಳನ್ನೂ ಘೋಷಿಸಬಹುದಾದ್ದರಿಂದ, ಹೋದ ವಾರ ತೆಗೆದಿಟ್ಟ ಸ್ಕ್ರೀನ್‌ಶಾಟ್ ಇವತ್ತಿಗೆ ಕೆಲಸಕ್ಕೆ ಬಾರದು.

ಆಕಾಶದ ಒಪ್ಪಿಗೆ ಸಾಲದು

ಹಾರಾಟದ ಕಾನೂನು ಮೇಲಿನ ಗಾಳಿಗೆ ಸಂಬಂಧಿಸಿದ್ದು. ನೀವು ನಿಂತ ನೆಲಕ್ಕೆ, ನಿಮ್ಮ ಕ್ಯಾಮೆರಾ ನೋಡುವ ಜಾಗಕ್ಕೆ ಬೇರೆಯದೇ ಕಾನೂನು ಇರಬಹುದು. ಛಾಯಾಗ್ರಹಣ ನಿಷೇಧಿಸಿದ ಸ್ಥಾವರದ ಮೇಲೆ ಆಕಾಶ ಹಸಿರಾಗಿದ್ದರೂ ಚಿತ್ರ ತೆಗೆದರೆ ಅಪರಾಧವೇ. ಹಾಗಾಗಿ ಸ್ಥಳದ ಆಡಳಿತಕ್ಕೆ ಬರವಣಿಗೆಯಲ್ಲೇ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಗೇಟಿನಲ್ಲಿರುವವರು ‘ಪರವಾಗಿಲ್ಲ ಹಾರಿಸಿ’ ಅಂದದ್ದು ನಾಳೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಒಳಗಿರುವವರ ಗಾಬರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ವರದಿಗಳಿಗೇ ಸುಮಾರು 1,000 ವಿಮಾನಗಳ ಸಂಚಾರ ಅಸ್ತವ್ಯಸ್ತವಾಯಿತು. ಹಾರಿಸಿದವರು ಯಾರೆಂದು ಪತ್ತೆಯಾಗಲೇ ಇಲ್ಲ. ಬೇಲಿಯೊಳಗೆ ನಿಂತು ನೋಡುವವರಿಗೆ ಮದುವೆ ವಿಡಿಯೊದ ಡ್ರೋನೂ ಒಂದೇ, ಕೆಡುಕಿನ ಡ್ರೋನೂ ಒಂದೇ.

ಕೈಕೊಟ್ಟರೆ ಎಲ್ಲಿ ಬೀಳುತ್ತದೆ?

ಕಾಗದಪತ್ರ ಎಲ್ಲ ಸರಿಯಿದ್ದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹಾರುವ ದಾರಿಯ ಪ್ರತಿ ತಿರುವಿನಲ್ಲೂ ಕೇಳಿಕೊಳ್ಳಿ. ಉತ್ತರ ‘ಟ್ರಾನ್ಸ್‌ಫಾರ್ಮರ್ ಮೇಲೆ’ ಎಂದು ಬಂದರೆ ದಾರಿ ಬದಲಿಸಿ. 2017ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಒಂದು ಡ್ರೋನ್ ಹೈಟೆನ್ಷನ್ ತಂತಿಗೆ ಬಡಿದು ಸುಮಾರು 1,600 ಜನರಿಗೆ ಕರೆಂಟ್ ಹೋಗಿತ್ತು.

ತಂತಿಯ ವಿಷಯದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳ ರೂಢಿ ಒಳ್ಳೆಯದು: ತಂತಿ ಹುಡುಕುವುದಿಲ್ಲ, ಟವರ್ ಹುಡುಕುತ್ತಾರೆ. ಎರಡು ಟವರ್ ಕಂಡರೆ ನಡುವೆ ತಂತಿ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮೇಲೆ, ಟವರಿನ ನೆತ್ತಿಯಿಂದ ನೆತ್ತಿಗೆ ಎಳೆದ ಅರ್ತ್ ತಂತಿ ಕೆಳಗಿನ ತಂತಿಗಳಿಗಿಂತ ತೆಳು. ಬಿಳಿಚಿದ ಆಕಾಶದೆದುರು ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ, ಡ್ರೋನಿನ ಸೆನ್ಸರ್‌ಗೂ ಸಿಗದೆ ಹೋಗಬಹುದು. ದಾಟಲೇಬೇಕಿದ್ದರೆ ತಂತಿಯ ನಡುಮಧ್ಯೆ ಬೇಡ. ಟವರಿನ ತುದಿ ಕಣ್ಣಿಗೆ ಕಾಣುವ ಕಡೆ, ಅದಕ್ಕಿಂತ ಸಾಕಷ್ಟು ಮೇಲೆ ದಾಟಿ.

ಕಂಪಾಸ್ ಇನ್ನೊಂದು ತಲೆನೋವು. ಒಮ್ಮೆ ನಾನು ಕಬ್ಬಿಣದ ಸೇತುವೆಯ ಪಕ್ಕದ ಕಾಂಕ್ರೀಟ್ ಕಟ್ಟೆಯಿಂದ ಡ್ರೋನ್ ಎಬ್ಬಿಸಿದೆ. ಎರಡಾಳೆತ್ತರ ಏರಿದ್ದೇ ತಡ, ನಿಂತಲ್ಲಿ ನಿಲ್ಲದೆ ಗಾಣದೆತ್ತಿನಂತೆ ಸುತ್ತತೊಡಗಿತು, ಒಂದೊಂದು ಸುತ್ತಿಗೂ ಅಗಲವಾಗುತ್ತ. ಕಟ್ಟೆಯೊಳಗಿನ ಸರಳು ಕಂಪಾಸ್‌ನ ದಿಕ್ಕು ಕೆಡಿಸಿತ್ತು. ಜಿಪಿಎಸ್ ಬಿಡಿಸಿ ಕೈಯಿಂದಲೇ ಇಳಿಸಿದೆ. ಅಂದಿನಿಂದ ಮಣ್ಣಿನ ನೆಲ ಸಿಗುವವರೆಗೆ ನಡೆಯುತ್ತೇನೆ, ಜಿಪಿಎಸ್ ಇಲ್ಲದೆ ಹಾರಿಸುವುದನ್ನು ಬಯಲಿನಲ್ಲಿ ಆಗಾಗ ಅಭ್ಯಾಸ ಮಾಡುತ್ತೇನೆ.

ರಿಟರ್ನ್ ಟು ಹೋಮ್ ಎತ್ತರವನ್ನು, ಅಂದರೆ ಡ್ರೋನ್ ತಾನಾಗಿ ಎಬ್ಬಿಸಿದ ಜಾಗಕ್ಕೆ ಮರಳುವಾಗ ಹಾರುವ ಎತ್ತರವನ್ನು, ಪ್ರತಿ ಜಾಗಕ್ಕೂ ಹೊಸದಾಗಿ ಹೊಂದಿಸಿ. ಅದು 30 ಮೀಟರ್‌ನಲ್ಲೇ ಉಳಿದು, ನಿಮ್ಮ ಮತ್ತು ಡ್ರೋನಿನ ನಡುವೆ 50 ಮೀಟರ್ ಟವರ್ ಇದ್ದರೆ, ಸಿಗ್ನಲ್ ತಪ್ಪಿದ ಕೂಡಲೇ ಡ್ರೋನ್ ಮನೆಯ ದಾರಿ ಹಿಡಿದು ನೇರ ಟವರಿಗೇ ನುಗ್ಗಬಹುದು. ಈ ಎತ್ತರದ ಲೆಕ್ಕ ಎಬ್ಬಿಸಿದ ಜಾಗದಿಂದ, ಕೆಳಗಿನ ನೆಲದಿಂದಲ್ಲ. ಅಣೆಕಟ್ಟಿನ ಬುಡದಲ್ಲಿ ನಿಂತು ಎಬ್ಬಿಸುವವರು ಇದನ್ನು ಎರಡು ಸಲ ನೋಡಬೇಕು.

ಕಾನೂನು ಬಿಟ್ಟರೂ ವಿವೇಕ ಬಿಡದ ಸಂದರ್ಭಗಳೂ ಉಂಟು. ಅಮೆರಿಕದಲ್ಲಿ ಪರವಾನಗಿ ಪಡೆದ ಪೈಲಟ್, ಡ್ರೋನ್ ಟವರಿನಿಂದ 400 ಅಡಿ ಅಂತರದೊಳಗೇ ಇದ್ದರೆ, ನಿರ್ಬಂಧವಿಲ್ಲದ ಆಕಾಶದಲ್ಲಿ ಅದನ್ನು ಟವರಿನ ತುದಿಗಿಂತ 400 ಅಡಿ ಮೇಲಕ್ಕೂ ಏರಿಸಬಹುದು. ಆದರೆ ಕೆಳಗೆ ಎಲೆ ಅಲುಗದ ದಿನವೂ ಅಷ್ಟೆತ್ತರದಲ್ಲಿ ಗಾಳಿ ಜೋರಿರಬಹುದು. ಎದುರುಗಾಳಿಯಲ್ಲಿ ಮರಳುವಾಗ ಬ್ಯಾಟರಿ ಹೋಗುವ ವೇಗ ನೋಡಿದವರು ಅರ್ಧಕ್ಕಿಂತ ಮೊದಲೇ ತಿರುಗಿಸುತ್ತಾರೆ.

ಯಾರಾದರೂ ಬಂದು ತಡೆದರೆ

ಮೊದಲು ಇಳಿಸಿ, ಆಮೇಲೆ ಮಾತು. ಡ್ರೋನ್ ಮೇಲಿರುವಾಗ ವಾದಕ್ಕಿಳಿಯಬೇಡಿ, ರಿಮೋಟ್ ಯಾರ ಕೈಗೂ ಕೊಡಬೇಡಿ. ‘ಇಳಿಸುತ್ತಿದ್ದೇನೆ, ಒಂದು ನಿಮಿಷ’ ಎಂದರೆ ಎದುರಿನವರ ದನಿಯೂ ಇಳಿಯುತ್ತದೆ. ಪರವಾನಗಿ, ಅನುಮತಿಯ ಪತ್ರ ಜೇಬಿನಲ್ಲೇ ಇರಲಿ.

ಬೆಂಕಿ, ಪ್ರವಾಹ, ಅಪಘಾತದ ಜಾಗವಾದರೆ ಡ್ರೋನನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ. 2025ರ ಜನವರಿ 9ರಂದು ಲಾಸ್ ಏಂಜಲೀಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ವಿಮಾನದ ರೆಕ್ಕೆಗೆ ಹವ್ಯಾಸಿಯೊಬ್ಬರ ಡ್ರೋನ್ ಬಡಿದು ತೂತಾಯಿತು. ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ವಿಮಾನ ರಿಪೇರಿಗೆ ಹೋಯಿತು.

ಇನ್ನು, ನಿಮ್ಮ ಡ್ರೋನ್ ಬೇಲಿಯೊಳಗೇ ಬಿತ್ತೆನ್ನಿ. ಹತ್ತಿ ಒಳಗಿಳಿಯಬೇಡಿ, ಕೋಲಿನಿಂದ ಎಳೆಯಲೂ ಬೇಡಿ. ಹೈಟೆನ್ಷನ್ ಯಾರ್ಡ್‌ನಲ್ಲಿ ತಂತಿ ಮುಟ್ಟದೆಯೂ ಶಾಕ್ ಹೊಡೆಯುತ್ತದೆ. ಗೇಟಿಗೆ ಹೋಗಿ ಬಿದ್ದ ಜಾಗ, ಸಮಯ ಹೇಳಿ, ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು ಎಂದೂ ತಿಳಿಸಿ. ಡ್ರೋನ್ ಹತೋಟಿ ತಪ್ಪಿ ವಿಮಾನ ನಿಲ್ದಾಣದ ಕಡೆ ಹೋಗಿದ್ದರೆ ಹುಡುಕುತ್ತ ಓಡಬೇಡಿ. ನಿಯಂತ್ರಣ ಕೇಂದ್ರಕ್ಕೆ ಕೂಡಲೇ ಫೋನ್ ಮಾಡಿ, ಅದು ಹೋದ ದಿಕ್ಕು, ಎತ್ತರ, ಉಳಿದಿರುವ ಬ್ಯಾಟರಿ ಎಷ್ಟೆಂದು ಹೇಳಿ. ಆ ನಂಬರ್ ಮನೆಯಿಂದ ಹೊರಡುವಾಗಲೇ ಫೋನಿನಲ್ಲಿರಬೇಕು.