ಮೊದಲ ಟ್ರೈನ್ ಶೋ: ಬಾಸ್ಟನ್ ಕಡೆಗೆ ಹೊಸದಾಗಿ ಬಂದವರು ಯಾವುದಕ್ಕೆ ಹೋಗಬೇಕು?

ನವೆಂಬರ್ ಬಂತೆಂದರೆ ಕನ್ನಡ ಕೂಟಕ್ಕೆ ಹೊಸದಾಗಿ ಸೇರಿದವರು ಕೇಳುವ ಮಾತು ಒಂದೇ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಪಾರ್ಕಿನಲ್ಲಿ ನಿಲ್ಲೋಕಾಗದ ಚಳಿ. ಶನಿವಾರ ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ನಾನು ಹೇಳುವುದೂ ಒಂದೇ: ಟ್ರೈನ್ ಶೋಗೆ, ಅಂದರೆ ಮಾದರಿ ರೈಲುಗಳ ಪ್ರದರ್ಶನಕ್ಕೆ ಹೋಗಿ. ಮಾದರಿ ರೈಲು ಕಟ್ಟುವುದು ಇಲ್ಲಿನವರು ಬೇಸ್‌ಮೆಂಟಿನಲ್ಲಿ ಕೂತು ಮಾಡುವ ಕೆಲಸ. ಬೇಸಿಗೆಯಲ್ಲಿ ಅವರಿಗೆ ಹೊರಗಿನ ಕೆಲಸವೇ ಸಾಕಷ್ಟು. ಹಿಮ ಬೀಳುವ ಹೊತ್ತಿಗೆ ರೈಲು ಹೊರಗೆ ಬರುತ್ತದೆ. ಅದಕ್ಕೇ ಶೋಗಳೂ ನವೆಂಬರಿನಿಂದ ಮಾರ್ಚ್‌ವರೆಗೆ ಜಾಸ್ತಿ.

ಆದರೆ ಮೊದಲ ಶೋ ಯಾವುದು ಅನ್ನುವುದನ್ನು ಯೋಚಿಸಿ ಆರಿಸಿಕೊಳ್ಳಿ. ಎಲ್ಲದಕ್ಕೂ ಹೆಸರು ಟ್ರೈನ್ ಶೋ ಅಂತಲೇ ಇರುತ್ತದೆ, ಒಳಗೆ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಕೆಲವು ಕಡೆ ಹಾಲ್ ತುಂಬ ಲೇಔಟ್‌ಗಳು: ಕ್ಲಬ್ಬಿನವರು ತುಂಡು ತುಂಡಾಗಿ ತಂದು ಜೋಡಿಸಿದ ಹಳಿ, ಬೆಟ್ಟ, ಸೇತುವೆ, ಪೇಟೆ, ಅದರ ಮೇಲೆ ನಿಲ್ಲದೆ ಓಡುವ ಗಾಡಿಗಳು. ಇನ್ನು ಕೆಲವು ಕಡೆ ಸಾಲು ಸಾಲು ಮೇಜು, ಮೇಜಿನ ಮೇಲೆ ಹಳೆಯ ಡಬ್ಬಿಗಳಲ್ಲಿ ಎಂಜಿನ್ನು, ಬೋಗಿ, ಬಿಡಿಭಾಗ. ಓಡುವ ರೈಲು ಎಲ್ಲೋ ಮೂಲೆಯಲ್ಲಿ ಒಂದು. ಎರಡನೆಯದು ಸಂಗ್ರಹ ಮಾಡುವವರಿಗೆ ಸ್ವರ್ಗ. ನಾಲ್ಕು ವರ್ಷದ ಮಗುವಿಗೆ ಅಲ್ಲಿ ಹತ್ತು ನಿಮಿಷದ ಮೇಲೆ ಏನೂ ಇಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಇಷ್ಟೇ: ಓಡುವ ರೈಲು ಜಾಸ್ತಿಯೋ, ಮಾರುವ ಮೇಜು ಜಾಸ್ತಿಯೋ? ಪ್ರಕಟಣೆಯಲ್ಲೇ ಇದು ಗೊತ್ತಾಗುತ್ತದೆ. 'ಸ್ವಾಪ್ ಮೀಟ್' ಅಂತ ಇದ್ದರೆ ಅದು ಸಂತೆ. ಎಷ್ಟು ಮೇಜು ಅನ್ನುವುದನ್ನೇ ದೊಡ್ಡದಾಗಿ ಬರೆದಿದ್ದರೂ ಹಾಗೇ. 'ಆಪರೇಟಿಂಗ್ ಲೇಔಟ್ಸ್' ಅಂತ ಬರೆದು, ಬರುವ ಕ್ಲಬ್ಬುಗಳ ಹೆಸರನ್ನೂ ಹಾಕಿದ್ದರೆ ಧೈರ್ಯವಾಗಿ ಹೋಗಿ. ಏನೂ ಸ್ಪಷ್ಟವಿಲ್ಲದಿದ್ದರೆ ನಡೆಸುವವರಿಗೆ ಒಂದು ಇಮೇಲ್ ಹಾಕಿ, ಮಕ್ಕಳ ವಯಸ್ಸು ಹೇಳಿ ಕೇಳಿ. ಈ ಜನ ಉತ್ತರ ಕೊಡುತ್ತಾರೆ. ಹೊಸಬರು ಬರಲಿ ಅಂತ ಅವರಿಗೆ ನಿಜವಾಗಿಯೂ ಆಸೆ ಇದೆ.

ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಹೆಸರು ವೆಸ್ಟ್ ಸ್ಪ್ರಿಂಗ್‌ಫೀಲ್ಡ್. ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ಜನವರಿ ಕೊನೆಯ ಹೊತ್ತಿಗೆ 'ಬಿಗ್ ಇ' ಜಾತ್ರೆ ನಡೆಯುವ ಮೈದಾನದ ದೊಡ್ಡ ಕಟ್ಟಡಗಳಲ್ಲಿ ನಡೆಸುವ ಶೋ ಇದು. ಒಂದಲ್ಲ, ನಾಲ್ಕು ಕಟ್ಟಡ. ಎರಡು ದಿನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ದೇಶದ ಅತಿ ದೊಡ್ಡ ಶೋಗಳಲ್ಲಿ ಇದೂ ಒಂದು. ಬಂದ ಹಣದಲ್ಲಿ ಒಂದು ಪಾಲು ಹಳೆಯ ರೈಲುಗಳನ್ನು ಉಳಿಸುವ ಕೆಲಸಗಳಿಗೆ ಹೋಗುತ್ತದೆ. ನನಗೆ ಈ ಶೋ ಮೇಲೆ ತುಂಬ ಪ್ರೀತಿ. ಆದರೂ ಚಿಕ್ಕ ಮಕ್ಕಳಿರುವವರಿಗೆ ಇದನ್ನು ಮೊದಲ ಶೋ ಆಗಿ ಆರಿಸಿಕೊಳ್ಳಿ ಅಂತ ಹೇಳುವುದಿಲ್ಲ. ಎರಡನೇ ಕಟ್ಟಡ ಮುಗಿಯುವ ಹೊತ್ತಿಗೆ ಮಕ್ಕಳ ಕಾಲು ಸೋತಿರುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಜಾಕೆಟ್ ಹಾಕು, ಟೋಪಿ ಹಾಕು, ಮತ್ತೆ ತೆಗಿ. ಶನಿವಾರ ಬೆಳಗ್ಗೆಯಂತೂ ಜನರ ಬೆನ್ನು ಬಿಟ್ಟರೆ ಮಗುವಿಗೆ ಬೇರೇನೂ ಕಾಣುವುದಿಲ್ಲ. ಮಕ್ಕಳು ಎಂಟು ಹತ್ತು ವರ್ಷದವರಾಗಿದ್ದರೆ, ಅಥವಾ ರೈಲಿನ ಹುಚ್ಚು ನಿಮಗೇ ಇದ್ದರೆ, ಬೇರೆ ಮಾತು. ಆಗ ಇಡೀ ದಿನ ಇಟ್ಟುಕೊಂಡು ಹೋಗಿ.

ಚಿಕ್ಕ ಮಕ್ಕಳ ಜೊತೆ ಮೊದಲ ಸಲಕ್ಕೆ ನನ್ನ ಆಯ್ಕೆ ಮಧ್ಯಮ ಗಾತ್ರದ, ಒಂದೇ ಹಾಲಿನ ಶೋ. ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ, 1935ರಲ್ಲಿ ಮಿಲ್ವಾಕಿಯಲ್ಲಿ ಶುರುವಾದದ್ದು. ಬೇರೆ ಬೇರೆ ಕಂಪನಿಯ ಗಾಡಿಗಳು ಒಂದೇ ಹಳಿಯ ಮೇಲೆ ಓಡುವ ಹಾಗೆ ಹಳಿಯ, ಗಾಲಿಯ ಅಳತೆಗಳನ್ನು ಗೊತ್ತು ಮಾಡಿದ್ದು ಅದೇ ಸಂಸ್ಥೆ. ಬಾಸ್ಟನ್ ಸುತ್ತಲಿನ ಅದರ ಶಾಖೆಗೆ ಹಬ್ ಡಿವಿಷನ್ ಅಂತ ಹೆಸರು. ಅವರು ಡಿಸೆಂಬರ್ ಹೊತ್ತಿಗೆ ಮಾರ್ಲ್‌ಬರೋದಲ್ಲಿ ಶೋ ನಡೆಸಿಕೊಂಡು ಬಂದಿದ್ದಾರೆ. ವೆಸ್ಟ್‌ಬರೋ, ಶ್ರೂಸ್‌ಬರಿ, ಫ್ರೇಮಿಂಗ್‌ಹ್ಯಾಮ್ ಕಡೆ ಇರುವ ನಮ್ಮವರಿಗೆ ಇದು ಹತ್ತಿರ. ಊರೂರಿಗೆ ಹೋಗುವ ಗ್ರೀನ್‌ಬರ್ಗ್ ಶೋ ವಿಲ್ಮಿಂಗ್ಟನ್ನಿನ ಶ್ರೈನರ್ಸ್ ಆಡಿಟೋರಿಯಮ್ಮಿಗೂ ಬರುತ್ತದೆ. ತಾರೀಖು, ಜಾಗ, ಟಿಕೆಟ್ ದರ ಎಲ್ಲ ಆಯಾ ವರ್ಷ ನೋಡಿಕೊಂಡೇ ಹೊರಡಿ.

ಮಕ್ಕಳಿಲ್ಲದವರು, ಅಥವಾ ಈ ಹವ್ಯಾಸ ನಮಗೆ ಹಿಡಿಸುತ್ತದಾ ಅಂತ ನೋಡಬೇಕೆಂದಿರುವವರು ಶೋ ಬಿಟ್ಟು ಕ್ಲಬ್ಬಿನ ಓಪನ್ ಹೌಸಿಗೆ ಹೋಗಿ. ಹಿಂಗ್‌ಹ್ಯಾಮ್‌ನಲ್ಲಿ ಸೌತ್ ಶೋರ್ ಮಾಡೆಲ್ ರೈಲ್ವೆ ಕ್ಲಬ್ ಇದೆ, ರೋಸ್ಲಿಂಡೇಲ್‌ನಲ್ಲಿ ಬೇ ಸ್ಟೇಟ್ ಮಾಡೆಲ್ ರೈಲ್‌ರೋಡ್ ಮ್ಯೂಸಿಯಂ ಇದೆ. ವರ್ಷಾನುಗಟ್ಟಲೆ ಕಟ್ಟಿದ, ಅಲ್ಲೇ ಖಾಯಂ ಆಗಿ ಇರುವ ಲೇಔಟ್‌ಗಳು ಅವು. ಶೋಗಳಿಗೆ ಸಾಗಿಸಿ ತಂದದ್ದರಲ್ಲಿ ಅಷ್ಟು ಆಳ ಇರುವುದಿಲ್ಲ. ಗಲಾಟೆ ಕಡಿಮೆ, ಕೇಳಿದ್ದಕ್ಕೆ ನಿಂತು ಹೇಳುವಷ್ಟು ಪುರುಸೊತ್ತು ಅವರಿಗಿರುತ್ತದೆ. ನಮ್ಮಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್‌ನವರು, ಅಲ್ವಾ? ಎಂಐಟಿಯಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ ಬಗ್ಗೆ ನೀವು ತಿಳಿದುಕೊಳ್ಳಬೇಕು. ಲೇಔಟಿನ ಕೆಳಗೆ ಕೂತು ಟೆಲಿಫೋನ್ ರಿಲೇಗಳಿಂದ ಹಳಿಗಳ ಕಂಟ್ರೋಲ್ ಕಟ್ಟುತ್ತಿದ್ದ ಆ ಹುಡುಗರೇ 1950ರ ದಶಕದ ಕೊನೆಯಲ್ಲಿ ಕಂಪ್ಯೂಟರಿನ ಮುಂದೆ ರಾತ್ರಿಯೆಲ್ಲ ಕೂರುವ ಅಭ್ಯಾಸ ಶುರು ಮಾಡಿದವರು.

ಇನ್ನು ಅಳತೆ. ಶೋಗೆ ಹೋಗುವ ಮುಂಚೆ ಇದೊಂದು ಗೊತ್ತಿದ್ದರೆ ನೋಡುವ ಖುಷಿಯೇ ಬೇರೆ. ಅಮೆರಿಕದಲ್ಲಿ ಜಾಸ್ತಿ ಕಾಣುವುದು ಎಚ್‌ಒ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ನಮ್ಮೂರಿನ ರೈಲುಗಳ ಹೊಸ ಬಗೆಯ ಬೋಗಿ, ಎಲ್‌ಎಚ್‌ಬಿ ಕೋಚ್, ಸುಮಾರು 23.5 ಮೀಟರ್ ಉದ್ದ. ಎಚ್‌ಒದಲ್ಲಿ ಅದು 27 ಸೆಂಟಿಮೀಟರ್ ಆಗುತ್ತದೆ. ಎನ್ ಅನ್ನುವುದು ಇನ್ನೂ ಚಿಕ್ಕದು, 160ರಲ್ಲಿ ಒಂದು. ಅಲ್ಲಿ ಅದೇ ಕೋಚ್ 15 ಸೆಂಟಿಮೀಟರ್ ಕೂಡ ಇಲ್ಲ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ಎಲ್ಲರಿಗೂ ಗೊತ್ತು. ಅದನ್ನು ಎಚ್‌ಒದಲ್ಲಿ ಕಟ್ಟಲು ಹೊರಟರೆ 17 ಮೀಟರ್ ಜಾಗ ಬೇಕು, ಎನ್‌ನಲ್ಲಿ ಒಂಬತ್ತೂವರೆ ಮೀಟರ್. ಇದನ್ನು ಮಕ್ಕಳ ಕೈಯಲ್ಲಿ ಲೆಕ್ಕ ಹಾಕಿಸಿ, ಆಮೇಲೆ ಶೋದಲ್ಲಿ ಲೇಔಟಿನ ಉದ್ದ ಹೆಜ್ಜೆ ಹಾಕಿ ನೋಡಲಿ. ಇವೆರಡಕ್ಕಿಂತ ದೊಡ್ಡದು ಒ, 48ರಲ್ಲಿ ಒಂದು. ಮೂರು ಹಳಿಯ ಮೇಲೆ ಓಡುವ ಲಯನೆಲ್ ಗಾಡಿಗಳು ಈ ಗುಂಪಿಗೆ ಸೇರುತ್ತವೆ. 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕಂಪನಿ ಅದು. ಇಲ್ಲಿನ ಅಜ್ಜಂದಿರಿಗೆ ಕ್ರಿಸ್‌ಮಸ್ ಮರದ ಸುತ್ತ ಓಡಿದ ರೈಲು ಅಂದರೆ ಲಯನೆಲ್, ಇಲ್ಲವೆಂದರೆ ಪಕ್ಕದ ಕನೆಕ್ಟಿಕಟ್ಟಿನ ನ್ಯೂ ಹೇವನ್‌ನಲ್ಲಿ ತಯಾರಾಗುತ್ತಿದ್ದ ಅಮೆರಿಕನ್ ಫ್ಲೈಯರ್.

ಚಿಕ್ಕ ಮಕ್ಕಳಿದ್ದರೆ ಎತ್ತರವನ್ನೂ ಗಮನಿಸಿ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಫ್ರೀ-ಮೋ ಅನ್ನುವ ಬಗೆಯ ಲೇಔಟ್‌ಗಳಲ್ಲಿ ಹಳಿ ನೆಲದಿಂದ 50 ಇಂಚು ಮೇಲಿರುತ್ತದೆ, ಎನ್‌ಟ್ರ್ಯಾಕ್‌ನಲ್ಲಿ 40 ಇಂಚು. ನಾಲ್ಕು ವರ್ಷದ ಮಗು ಹೆಚ್ಚುಕಡಿಮೆ 40 ಇಂಚು ಎತ್ತರ ಅಷ್ಟೇ. ಅದಕ್ಕೆ ಕಾಣುವುದು ಲೇಔಟಿನ ಕೆಳಗಿನ ಕಪ್ಪು ಬಟ್ಟೆ ಮಾತ್ರ. ಎತ್ತಿಕೊಂಡು ನಿಂತರೆ ಅರ್ಧ ಗಂಟೆಯಲ್ಲಿ ನಿಮ್ಮ ಸೊಂಟ ಹೋಗುತ್ತದೆ. ಮಡಚುವ ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಟಿ-ಟ್ರ್ಯಾಕ್ ಅನ್ನುವವು ಮಾಮೂಲಿ ಮೇಜಿನ ಮೇಲೇ ಕೂರುತ್ತವೆ, ಲೆಗೋ ಕ್ಲಬ್ಬಿನವರ ರೈಲುಗಳೂ ಸಾಮಾನ್ಯವಾಗಿ ಹಾಗೇ. ಈ ಎರಡು ಇರುವ ಶೋ ಸಿಕ್ಕರೆ ಪುಟ್ಟ ಮಕ್ಕಳಿಗೆ ಅದೇ ಸರಿ. ಥಾಮಸ್ ರೈಲಿನ ಮರದ ಹಳಿ ಇಟ್ಟ ಆಟದ ಜಾಗ ಇದೆಯಾ ಅಂತಲೂ ನೋಡಿ. ಅಲ್ಲಿ ಮಕ್ಕಳು ಮುಟ್ಟಬಹುದು. ಬೇರೆ ಯಾವ ಲೇಔಟನ್ನೂ ಮುಟ್ಟುವ ಹಾಗಿಲ್ಲ. ಇದನ್ನು ಕಾರಿನಲ್ಲೇ ಹೇಳಿ ಕರೆದುಕೊಂಡು ಹೋಗಿ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಎಂಜಿನ್ ಹತ್ತಿ ಆಡಿದ ಮಕ್ಕಳಿಗೆ ಇಲ್ಲಿ ಕೈ ಕಟ್ಟಿ ನಿಲ್ಲುವುದು ಕಷ್ಟವೇ.

ಎಲ್ಲ ಲೇಔಟನ್ನೂ ನೋಡಿ ಮುಗಿಸುವ ಹಟ ಬೇಡ. ಇಷ್ಟವಾದ ಒಂದರ ಮುಂದೆ ನಿಂತು ಹಿಂದಿರುವವರನ್ನು ಮಾತಾಡಿಸಿ. ಕೇಳಲು ಒಳ್ಳೆಯ ಪ್ರಶ್ನೆ: ಇದು ಯಾವ ಊರು, ಯಾವ ವರ್ಷ? ಒಳ್ಳೆಯ ಲೇಔಟ್‌ಗಳ ಹಿಂದೆ ಬಹಳ ಸಲ ಒಂದು ನಿಜವಾದ ಜಾಗ, ಒಂದು ಕಾಲ ಇರುತ್ತದೆ. 1940, 50ರ ದಶಕ ಇವರಿಗೆ ಅಚ್ಚುಮೆಚ್ಚು, ಏಕೆಂದರೆ ಆಗ ಉಗಿ ಎಂಜಿನ್ನೂ ಡೀಸೆಲ್ಲೂ ಅಕ್ಕಪಕ್ಕ ಓಡುತ್ತಿದ್ದವು. ಇಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿ ಹೂಸ್ಯಾಕ್ ಸುರಂಗ ಇದೆ, 1875ರಲ್ಲಿ ರೈಲಿಗೆ ತೆರೆದದ್ದು, ಉದ್ದ ಏಳೂವರೆ ಕಿಲೋಮೀಟರಿಗೂ ಹೆಚ್ಚು. ಅದರ ಕಥೆ ಶುರು ಮಾಡಿದರೆ ಇಲ್ಲಿನ ಹಿರಿಯರು ನಿಲ್ಲಿಸುವುದಿಲ್ಲ. ಆಗ ನೀವೂ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟ್ ಹೇಳಿ: 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ. ಹೊಸ ಊರಿನಲ್ಲಿ ಗುರುತಿಲ್ಲದವರ ಹತ್ತಿರ ಮಾತು ಶುರು ಮಾಡುವುದು ಹೇಗೆ ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಇಷ್ಟು ಸಲೀಸಾಗಿ ಮಾತು ಬೆಳೆಯುವ ಜಾಗ ನನಗೆ ಇಲ್ಲಿ ಬೇರೆ ಕಂಡಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಮ್ಮ ಪರಿಚಯದವರೊಬ್ಬರ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಸರ್ವಿಸ್ ಮುಗಿಸಿದವರು. ಇಲ್ಲಿಗೆ ಬಂದ ಮೇಲೆ ಮನೆಯಲ್ಲಿ ಟಿವಿ ಮುಂದೆ ಸುಮ್ನೆ ಕೂತಿರುತ್ತಿದ್ದರು. ಶೋದಲ್ಲಿ ಒಬ್ಬ ಅಮೆರಿಕನ್ ಹಿರಿಯರ ಜೊತೆ ಬೋಗಿಯ ಕಪ್ಲಿಂಗ್ ಬಗ್ಗೆ ಮಾತಿಗಿಳಿದರು. ಭಾಷೆ ಅರ್ಧಂಬರ್ಧ, ಆದರೆ ಕೈಸನ್ನೆಯಲ್ಲೇ ಎಲ್ಲ ನಡೆಯಿತು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಇಲ್ಲಿನದು 1435 ಅಂತ ಕೇಳಿ ಆ ಹಿರಿಯರು ಪಕ್ಕದವರನ್ನೆಲ್ಲ ಕರೆದು ಹೇಳಿದರು. ಮುಂದಿನ ವಾರವೂ ಯಜಮಾನರು, ಇನ್ನೊಂದು ಶೋ ಇದೆಯಾ ಮಗಾ, ಅಂತ ಕೇಳುತ್ತಿದ್ದರಂತೆ. ಹಿರಿಯರಿಗೆ ಕೂರಲು ಕುರ್ಚಿ ಎಲ್ಲಿದೆ ಅಂತ ಒಳಗೆ ಹೋದ ತಕ್ಷಣ ನೋಡಿಟ್ಟುಕೊಳ್ಳಿ.

ಕೊಳ್ಳುವ ವಿಷಯಕ್ಕೆ ಬರೋಣ. ಮೊದಲ ಶೋದಲ್ಲಿ ದೊಡ್ಡದೇನೂ ಕೊಳ್ಳಬೇಡಿ. ಕಣ್ಣಿಗೆ ಚೆಂದ ಕಂಡ ಎಂಜಿನ್ ತಂದು ಮನೆಯ ಹಳಿಗೆ ಕೂರದಿದ್ದರೆ ದುಡ್ಡು ದಂಡ. ಲಯನೆಲ್ ಗಾಡಿ ಎಚ್‌ಒ ಹಳಿಯ ಮೇಲೆ ಓಡುವುದಿಲ್ಲ. ಅಳತೆ ಬೇರೆ, ಕರೆಂಟೂ ಬೇರೆ. ಎಚ್‌ಒದಲ್ಲೇ ಎರಡು ಬಗೆ ಇದೆ. ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಡುತ್ತೀರೋ ಅಷ್ಟು ವೇಗ, ಆ ಹಳಿಯ ಮೇಲಿರುವ ಎಂಜಿನ್ನುಗಳೆಲ್ಲ ಒಟ್ಟಿಗೇ ಓಡುತ್ತವೆ. ಡಿಸಿಸಿ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಎಂಜಿನ್ನಿಗೂ ಒಂದು ನಂಬರ್, ಆ ನಂಬರಿಗೆ ಕಳಿಸಿದ ಆಜ್ಞೆಯನ್ನು ಅದು ಮಾತ್ರ ಪಾಲಿಸುತ್ತದೆ. ಹಳೆಯ ಎಂಜಿನ್ ಕೊಳ್ಳಲೇಬೇಕೆಂದಿದ್ದರೆ ಟೆಸ್ಟ್ ಟ್ರ್ಯಾಕ್ ಎಲ್ಲಿದೆ ಅಂತ ಕೇಳಿ, ಓಡಿಸಿ ನೋಡಿ, ಆಮೇಲೆ ಹಣ ಕೊಡಿ. ಚಿಕ್ಕ ವ್ಯಾಪಾರಿಗಳಿಗೆ ನಗದೇ ಅನುಕೂಲ. ಭಾನುವಾರ ಮಧ್ಯಾಹ್ನ ಬೆಲೆ ಇಳಿಸುವವರೂ ಇದ್ದಾರೆ, ಆದರೆ ಅಷ್ಟೊತ್ತಿಗೆ ಕೆಲವರು ಗಂಟು ಕಟ್ಟಲು ಶುರು ಮಾಡಿರುತ್ತಾರೆ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಎನ್ ಕಡೆ ನೋಡುವುದು ಒಳ್ಳೆಯದು. ಎಚ್‌ಒ ಲೇಔಟಿಗೆ ಜನ ನಾಲ್ಕಡಿ ಎಂಟಡಿಯ ಪ್ಲೈವುಡ್ ಹಲಗೆಯಿಂದ ಶುರು ಮಾಡುತ್ತಾರೆ. ಅದನ್ನಿಡಲು ಮನೆಯಲ್ಲಿ ಜಾಗ ಎಲ್ಲಿದೆ?

ಊರಿನಲ್ಲಿರುವ ಅಕ್ಕನ ಮಗನಿಗೆ ಅಂತ ಸೆಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇಲ್ಲಿನ ಹಳೆಯ ಟ್ರಾನ್ಸ್‌ಫಾರ್ಮರ್‌ಗಳು 120 ವೋಲ್ಟಿಗೆ ಮಾತ್ರ. ಪ್ಲಗ್ ಕನ್ವರ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟು ಹೋಗುತ್ತದೆ, ಬೆಂಕಿ ಹತ್ತುವ ಅಪಾಯವೂ ಇದೆ. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದೆಯಾ ನೋಡಿಯೇ ಕಳಿಸಿ.

ಊಟಕ್ಕೆ ಹಾಲಿನಲ್ಲಿ ಸಿಗುವುದು ಹಾಟ್‌ಡಾಗ್, ಪಿಜ್ಜಾ, ಚಿಪ್ಸ್ ಅಷ್ಟೇ. ಸಸ್ಯಾಹಾರಿಗಳು ಚಪಾತಿ ಪಲ್ಯ ಸುತ್ತಿಕೊಂಡು ಹೋಗಿ. ಹೊರಗಿನ ಊಟ ಒಳಗೆ ಬಿಡದಿದ್ದರೆ ಕಾರಿನಲ್ಲಿ ತಿಂದು ಮತ್ತೆ ಒಳಗೆ ಬರಬಹುದು, ಆದರೆ ಕೈಗೆ ಮುದ್ರೆ ಹಾಕಿಸಿಕೊಳ್ಳಬೇಕಾ ಅಂತ ಬಾಗಿಲಲ್ಲೇ ಕೇಳಿಕೊಳ್ಳಿ. ಒಂದೇ ಟಿಕೆಟ್ ಎರಡೂ ದಿನ ನಡೆಯುವ ಶೋಗಳಿವೆ. ಹಾಗಿದ್ದರೆ ಮಕ್ಕಳು ಸುಸ್ತಾದ ಕೂಡಲೇ ಮನೆಗೆ ಹೊರಡಿ, ಮರುದಿನ ಮತ್ತೆ ಬಂದರಾಯಿತು. ವೆಸ್ಟ್ ಸ್ಪ್ರಿಂಗ್‌ಫೀಲ್ಡಿಗೆ ಬಾಸ್ಟನ್ನಿನಿಂದ ಸುಮಾರು 90 ಮೈಲಿ. ಜನವರಿಯಲ್ಲಿ ಹಿಮ ಬಂದರೆ ಒಂದೂವರೆ ಗಂಟೆಯ ದಾರಿ ಮೂರು ಗಂಟೆಯಾಗಬಹುದು. ಹಿಮದಲ್ಲಿ ಕಾರು ಓಡಿಸಿ ರೂಢಿಯಿಲ್ಲದವರು ಹಿಂದಿನ ರಾತ್ರಿ ಹವಾಮಾನ ನೋಡಿ, ಬೇಕಿದ್ದರೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಆ ವಾರ ನಮ್ಮಲ್ಲಿ ಯಾರಾದರೂ ಹೊರಟೇ ಇರುತ್ತಾರೆ, ಅವರ ಕಾರಿನಲ್ಲಿ ಜಾಗ ಇದ್ದರೆ ಒಟ್ಟಿಗೇ ಹೋಗಬಹುದು.